ಮಳೆಗಾಲದಲ್ಲಿ ಒಣಗಿಸುವ ವಿದ್ಯೆ: ಹುಣಸೂರು ಸೀಮೆಯ ತಂಬಾಕು ಬ್ಯಾರನ್ನಿನ ಕಥೆ

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಹೊರಟವರಿಗೆ ರಸ್ತೆಯ ಆಚೀಚೆ ಹೊಲಗಳ ನಡುವೆ ಒಂದು ಬಗೆಯ ಕಟ್ಟಡ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ವಾಸದ ಮನೆಗಿಂತ ಎತ್ತರ, ಆದರೆ ಕಿಟಕಿಯಿಲ್ಲ. ಒಂದೇ ಬಾಗಿಲು, ನೆತ್ತಿಯಲ್ಲಿ ಗಾಳಿಕಿಂಡಿ, ಒಂದು ಪಕ್ಕದಲ್ಲಿ ಹೊರಗಿನಿಂದಲೇ ಸೌದೆ ತುಂಬುವ ಒಲೆಬಾಯಿ, ಗೋಡೆಯಾಚೆ ಮೇಲಕ್ಕೆದ್ದ ಹೊಗೆಕೊಳವೆ. ಇದೇ ತಂಬಾಕಿನ ಬ್ಯಾರನ್. ಹೆಗ್ಗಡದೇವನಕೋಟೆಯಲ್ಲೂ ಕೃಷ್ಣರಾಜನಗರದಲ್ಲೂ ಇದು ಉಂಟು. ಹಳೆಯ ಮೈಸೂರಿನ ಈ ನಾಲ್ಕು ತಾಲ್ಲೂಕುಗಳು ಸಿಗರೇಟಿನ ಜಗತ್ತಿಗೆ ಪರಿಚಯವಾದದ್ದು ಈ ಕಿಟಕಿಯಿಲ್ಲದ ಕೋಣೆಯ ಮೂಲಕ.

ಇಲ್ಲಿ ತಂಬಾಕಿನ ಸಸಿ ನೆಡುವುದು ಮುಂಗಾರಿಗೆ ಮೊದಲಿನ ಮಳೆ ಬಿದ್ದಾಗ, ಏಪ್ರಿಲ್ ಕೊನೆಯಿಂದ ಜೂನ್ ತನಕ. ಸೊಪ್ಪು ಮುರಿಯಲು ಬರುವುದು ಜುಲೈ, ಆಗಸ್ಟ್‌ನಲ್ಲಿ, ಅಂದರೆ ಆಕಾಶ ಸೋರುತ್ತಿರುವಾಗ. ಹಸಿ ಸೊಪ್ಪಿನ ತೂಕದಲ್ಲಿ ಶೇಕಡ 80ಕ್ಕೂ ಹೆಚ್ಚು ನೀರು. ಅದು ಐದಾರು ದಿನದಲ್ಲಿ ಒಣಗಬೇಕು, ನಿಂಬೆಹಣ್ಣಿನ ಬಣ್ಣ ಬರಬೇಕು, ಹೊಗೆಯ ವಾಸನೆ ತಗಲಬಾರದು. ಬಿಸಿಲಿನ ಭರವಸೆ ಇಲ್ಲವೇ ಇಲ್ಲ. ಆಂಧ್ರದ ಗುಂಟೂರಿನಲ್ಲಿ ಇದೇ ಬೆಳೆ ಹಿಂಗಾರಿನದು, ಚಳಿಗಾಲದ ಒಣಹವೆಯಲ್ಲಿ ಬರುವಂಥದ್ದು. ಮೈಸೂರಿನ ರೈತನಿಗೆ ಬಂದದ್ದು ಅದಕ್ಕಿಂತ ಕಠಿಣವಾದ ಲೆಕ್ಕ. ಅದನ್ನು ಬಿಡಿಸಿದ್ದು ಉಷ್ಣದ ಭೌತಶಾಸ್ತ್ರ.

ತಂಬಾಕು ಕನ್ನಡ ನಾಡಿಗೆ ಹೊಸದೇನಲ್ಲ. ಪೋರ್ಚುಗೀಸರ ಹಡಗಿನಲ್ಲಿ ಬಂದು ದಕ್ಷಿಣದಲ್ಲಿ ಬೇರೂರಿದ್ದ ಈ ಗಿಡವನ್ನು 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಮೊದಲು ಕಂಡದ್ದು ಬಿಜಾಪುರದಲ್ಲಿ. ರತ್ನ ಕೂರಿಸಿದ ಹುಕ್ಕದ ಜೊತೆ ಅದನ್ನು ಒಯ್ದು ಬಾದಶಹನ ಮುಂದಿಟ್ಟದ್ದನ್ನು ಅವನೇ ಬರೆದಿದ್ದಾನೆ. ಆಸ್ಥಾನದ ವೈದ್ಯರು ಗುಣವೋ ಅವಗುಣವೋ ಎಂದು ಅಂದೇ ಜಗಳ ತೆಗೆದರಂತೆ. ಆ ಜಗಳ ಇನ್ನೂ ಮುಗಿದಿಲ್ಲವೆನ್ನಬಹುದು, ವೈದ್ಯರ ತೀರ್ಪು ಮಾತ್ರ ಎಂದೋ ಬಂದಿದೆ. ಹಳ್ಳಿಗಳಲ್ಲಿ ಮುಂದೆ ಮೂರು ಶತಮಾನ ಬೆಳೆದದ್ದು ನಾಟಿ ಹೊಗೆಸೊಪ್ಪು: ಬಿಸಿಲಿಗೋ ಗಾಳಿಗೋ ಒಣಗಿಸಿ, ಕಪ್ಪಗೆ ಘಾಟಾಗಿ, ಎಲೆಅಡಿಕೆಗೂ ನಶ್ಯಕ್ಕೂ ಬೀಡಿಗೂ ಸಲ್ಲುವಂಥದ್ದು. ಹತ್ತೊಂಬತ್ತನೆಯ ಶತಮಾನದ ಹುಣಸೂರಿಗೆ ಹೆಸರಿದ್ದದ್ದು ಬೇರೆ ಕಾರಣಗಳಿಗೆ: ಅಮೃತಮಹಲ್ ದನಗಳು, ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ, ಮರಮುಟ್ಟು, ಕೊಡಗಿನಿಂದ ಇಳಿಯುತ್ತಿದ್ದ ಕಾಫಿ. ಹಳದಿ ಸೊಪ್ಪಿನ ಹೆಸರೂ ಅಲ್ಲಿ ಇರಲಿಲ್ಲ.

ಹಳದಿ ಸೊಪ್ಪು ಹುಟ್ಟಿದ್ದು ಅಮೆರಿಕದಲ್ಲಿ. ಎಲ್ಲರೂ ಹೇಳುವ ಕಥೆ ಹೀಗಿದೆ. 1839ರಲ್ಲಿ ಉತ್ತರ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಅಬೈಷಾ ಸ್ಲೇಡ್ ಎಂಬ ಜಮೀನ್ದಾರನ ಬಳಿ ಸ್ಟೀಫನ್ ಎಂಬ ಗುಲಾಮ ಯುವಕನಿದ್ದ. ಕಮ್ಮಾರಿಕೆಯೂ ಅವನ ಕೆಲಸ. ಮಳೆಯ ರಾತ್ರಿ ಸೊಪ್ಪಿನ ಮನೆಯ ಬೆಂಕಿ ಕಾಯಲು ಕೂತವನು ನಿದ್ದೆಹೋದ. ಎಚ್ಚರವಾದಾಗ ಬೆಂಕಿ ಆರುವ ಹಂತದಲ್ಲಿತ್ತು. ಒದ್ದೆ ಸೌದೆ ಹತ್ತಲಾರದೆಂದು ಕುಲುಮೆಯ ಕಡೆಗೆ ಓಡಿ ಇದ್ದಿಲು ತಂದು ಸುರಿದ. ಹೊಗೆಯಿಲ್ಲದ ಒಣಬಿಸಿ ಒಮ್ಮೆಲೇ ಏರಿ ಸೊಪ್ಪು ಹಿಂದೆಂದೂ ಕಾಣದ ಹಳದಿಗೆ ತಿರುಗಿತು. ಆ ಸೊಪ್ಪಿಗೆ ಮಾಮೂಲಿಗಿಂತ ಹಲವು ಪಟ್ಟು ಬೆಲೆ ಸಿಕ್ಕಿತು. ಹಣ ಸ್ಲೇಡ್‌ನ ಜೇಬಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ.

ಇತಿಹಾಸಕಾರರೆಲ್ಲ ಈ ಕಥೆಯನ್ನು ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ಹಳದಿ ತಂಬಾಕಿನ ಬಗ್ಗೆ 2011ರಲ್ಲಿ ಪುಸ್ತಕ ಪ್ರಕಟಿಸಿದ ಬಾರ್ಬರಾ ಹಾನ್ ಅವರ ವಾದ ಬೇರೆ: ಈ ಸೊಪ್ಪು ಒಂದು ರಾತ್ರಿಯ ಆಕಸ್ಮಿಕದ ಫಲವಲ್ಲ, ಬೇರೆಯೇ ಒಂದು ಸಸ್ಯವೂ ಅಲ್ಲ, ಬೆಳೆಯುವ ಕ್ರಮ, ಹದಗೊಳಿಸುವ ವಿಧಾನ, ವ್ಯಾಪಾರ, ಸರ್ಕಾರಿ ನಿಯಮ ಎಲ್ಲ ಸೇರಿ ನಿಧಾನವಾಗಿ ಅದಕ್ಕೊಂದು ಜಾತಿ ಕಟ್ಟಿದವು. ನನಗೂ ಇದೇ ಸರಿಯೆನಿಸುತ್ತದೆ. ಇದ್ದಿಲಿನ ಬಿಸಿ ಒಳ್ಳೆಯದೆಂದು ಗೊತ್ತಾದರೆ ಸಾಲದು, ಪ್ರತಿಸಲವೂ ಅದೇ ಬಿಸಿಯನ್ನು ಬೇಕಾದ ಹೊತ್ತಿಗೆ ಬೇಕಾದಷ್ಟೇ ಕೊಡುವ ಸಾಧನ ಬೇಕು. ಅದು ಕೈಗೆ ಬಂದದ್ದು ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, ಕಬ್ಬಿಣದ ತಗಡಿನ ಕೊಳವೆಗಳ ರೂಪದಲ್ಲಿ. ಬೆಂಕಿ ಹೊರಗೆ, ಕೊಳವೆ ಒಳಗೆ. ಬೆಂಕಿಯ ಬಿಸಿ ಕೊಳವೆಯ ಮೈಯಿಂದ ಕೋಣೆಗೆ, ಹೊಗೆ ಕೊಳವೆಯೊಳಗೇ ಸಾಗಿ ಆಕಾಶಕ್ಕೆ. ಬಿಸಿಯನ್ನೂ ಹೊಗೆಯನ್ನೂ ಬೇರ್ಪಡಿಸಿದ ಈ ಏರ್ಪಾಟೇ ಹುಣಸೂರಿನ ತನಕ ಬಂದದ್ದು.

ಬಂದ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. 1881ರಲ್ಲಿ ಬಾನ್ಸ್ಯಾಕ್ ಎಂಬವನ ಸಿಗರೇಟು ಸುತ್ತುವ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ನಿಮಿಷಕ್ಕೆ 200ರಷ್ಟು ಸಿಗರೇಟು ಉರುಳಿಸುವ ಯಂತ್ರಕ್ಕೆ ಹಳದಿ ಸೊಪ್ಪಿನ ಹಸಿವು ಹುಟ್ಟಿತು. 1902ರಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ, 1910ರಲ್ಲಿ ಕಲ್ಕತ್ತದಲ್ಲಿ ಇಂಪೀರಿಯಲ್ ಟೊಬ್ಯಾಕೊ, 1912ರಲ್ಲಿ ಗುಂಟೂರಿನಲ್ಲಿ ಸೊಪ್ಪು ಬೆಳೆಸುವ ಅದರ ಅಂಗಸಂಸ್ಥೆ, 1913ರಲ್ಲಿ ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆ. ಕೊಳವೆಯ ಬ್ಯಾರನ್ ಗುಂಟೂರಿನಲ್ಲಿ ಕಾಣಿಸಿದ್ದು 1928ರ ಸುಮಾರಿಗೆ. ಮೈಸೂರು ಸಂಸ್ಥಾನದಲ್ಲಿ 1930ರ ದಶಕದ ಕೊನೆಗೆ ಮೈಸೂರು ಟೊಬ್ಯಾಕೊ ಕಂಪನಿ ಈ ಹಳದಿ ವರ್ಜೀನಿಯಾ ಸೊಪ್ಪಿನ ಕೆಲಸಕ್ಕೆ ಕೈಹಾಕಿತು. ನಾಲ್ಕು ತಾಲ್ಲೂಕುಗಳ ಕೆಂಪು ಮರಳುಮಿಶ್ರಿತ ಮಣ್ಣು ನೀರನ್ನು ಹಿಡಿದಿಡದೆ ಇಳಿಸಿಬಿಡುತ್ತದೆ. ಇಲ್ಲಿ ಬೆಳೆದ ಎಲೆ ತೆಳು, ಬಣ್ಣ ತಿಳಿ. ರಾಗಿಗೂ ಹುರುಳಿಗೂ ಮಾತ್ರ ಆದೀತೆಂದು ಬಿಟ್ಟಿದ್ದ ಭೂಮಿ ಹೀಗೆ ಕಂಪನಿಗಳ ಕಣ್ಣಿಗೆ ಬಿತ್ತು. ಸೊಪ್ಪು ಪರೀಕ್ಷಿಸಲು ರಾಜಮಹೇಂದ್ರಿಯ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಹುಣಸೂರಿನಲ್ಲಿ ತನ್ನ ಕೇಂದ್ರ ತೆರೆಯಿತು.

ಇನ್ನು ಬ್ಯಾರನ್ನಿನ ಒಳಗೆ ಹೋಗೋಣ. ಹದಿನಾರು ಅಡಿ ಉದ್ದಗಲದ ಕೋಣೆ, ಇಟ್ಟಿಗೆ ಇಲ್ಲವೇ ಮಣ್ಣಿನ ಗೋಡೆ, ಹೆಂಚು ಅಥವಾ ತಗಡಿನ ಮಾಡು. ಅಡ್ಡತೊಲೆಗಳು ಅಂತಸ್ತಿನ ಮೇಲೆ ಅಂತಸ್ತಾಗಿ ಮೇಲಿನ ತನಕ. ಹೆಂಗಸರು ಜಗಲಿಯಲ್ಲಿ ಕೂತು ಹಸಿ ಸೊಪ್ಪನ್ನು ದಾರದಲ್ಲಿ ಕಡ್ಡಿಗೆ ಕಟ್ಟಿ ಕೊಡುತ್ತಾರೆ, ಗಂಡಸರು ತೊಲೆ ಹತ್ತಿ ತಲೆಕೆಳಗಾಗಿ ತೂಗುಹಾಕುತ್ತಾರೆ. ಕೆಳಗೆ ನೆಲದ ಸುತ್ತ ಹರಿದ ಕೊಳವೆ. ಗೋಡೆಯ ಬುಡದಲ್ಲೂ ಮಾಡಿನ ನೆತ್ತಿಯಲ್ಲೂ ಗಾಳಿಕಿಂಡಿ. ಫ್ಯಾನಿಲ್ಲ, ಮೋಟಾರಿಲ್ಲ. ಕಾದ ಕೊಳವೆಗೆ ತಗುಲಿದ ಗಾಳಿ ಹಿಗ್ಗಿ ಹಗುರಾಗಿ ಸೊಪ್ಪಿನ ನಡುವೆ ಏರುತ್ತದೆ, ನೀರಾವಿ ಹೊತ್ತು ನೆತ್ತಿಯಿಂದ ಹೊರಬೀಳುತ್ತದೆ, ಆ ಜಾಗಕ್ಕೆ ಬುಡದ ಕಿಂಡಿಯಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಕಿಂಡಿಯ ಮುಚ್ಚಳವನ್ನು ಎಷ್ಟು ಸರಿಸಬೇಕೆಂಬುದೇ ಇಲ್ಲಿನ ಚುಕ್ಕಾಣಿ.

ಮಳೆಯ ಹಸಿಗಾಳಿ ಹೇಗೆ ಒಣಗಿಸೀತು ಎಂದು ಕೇಳಬಹುದು. ಆಗಸ್ಟ್ ರಾತ್ರಿ 22 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡ 90 ಎಂದಿಟ್ಟುಕೊಳ್ಳಿ. ಈ ಗಾಳಿಯಿಂದ ಒಂದು ಹನಿ ನೀರನ್ನೂ ತೆಗೆಯದೆ ಬರಿದೆ 38 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಶೇಕಡ 36ಕ್ಕೆ ಇಳಿಯುತ್ತದೆ. 60 ಡಿಗ್ರಿಗೆ ಕಾಯಿಸಿದರೆ ಶೇಕಡ 12ಕ್ಕೆ. ಗಾಳಿಯಲ್ಲಿರುವ ನೀರು ಅಷ್ಟೇ, ಆದರೆ ಬಿಸಿಗಾಳಿ ಹಿಡಿದಿಡಬಲ್ಲ ನೀರು ಬಹಳ ಹೆಚ್ಚು. ಹೊರಗೆ ಜಡಿಮಳೆ ಹೊಡೆಯುತ್ತಿರುವಾಗ ಒಳಗೆ ಬೇಸಿಗೆಯ ಮಧ್ಯಾಹ್ನಕ್ಕಿಂತ ಒಣಗಾಳಿ ಸಿದ್ಧವಾಗುವುದು ಹೀಗೆ.

ಹಾಗೆಂದು ಮೊದಲ ದಿನವೇ 60 ಡಿಗ್ರಿಗೆ ಏರಿಸಿದರೆ ಕೆಟ್ಟಿತು. ಮುರಿದ ಸೊಪ್ಪು ಇನ್ನೂ ಜೀವಂತ. ಮೊದಲ ಒಂದೂವರೆ ದಿನ 32ರಿಂದ 40 ಡಿಗ್ರಿಯೊಳಗೆ, ಕಿಂಡಿಗಳನ್ನು ಬಹುತೇಕ ಮುಚ್ಚಿ, ತೇವ ಹಿಡಿದಿಟ್ಟು ಕಾಯಬೇಕು. ಎಲೆಯ ಹಸಿರು ಹೋಗಿ ಹಳದಿ ಮೂಡುವುದು, ಪಿಷ್ಟ ಸಕ್ಕರೆಯಾಗುವುದು ಆಗಲೇ. ಬಳಿಕ ಕಿಂಡಿ ತೆರೆದು ನಿಧಾನವಾಗಿ ಏರಿಸುತ್ತ ಬಣ್ಣ ನಿಲ್ಲಿಸಬೇಕು, 60ರ ಹೊತ್ತಿಗೆ ಎಲೆ ಒಣಗಬೇಕು, ಕೊನೆಗೆ 70ರ ಆಸುಪಾಸಿನಲ್ಲಿ ನಡುನರದ ದಂಟು ಒಣಗಬೇಕು. ಎಲೆಯಲ್ಲಿ ನೀರಿರುವಾಗಲೇ ಬಿಸಿ ನೆಗೆದರೆ ಜೀವಕೋಶ ಒಡೆದು ಕಂದು ಮಸಿ ಬಳಿದಂತಾಗುತ್ತದೆ. ತೀರ ತಡವಾದರೂ ಕಂದೇ. ಕಿಲೋಗೆ ಸಿಗುವ ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಆಗುವುದು ಈ ಎರಡು ತಪ್ಪುಗಳ ನಡುವಿನ ಕೆಲವೇ ಗಂಟೆಗಳಲ್ಲಿ.

ಆ ಗಂಟೆಗಳನ್ನು ಅಳೆಯಲು ಸಂಶೋಧಕರು ಕೊಟ್ಟ ಸಾಧನ ಜೋಡಿ ಥರ್ಮಾಮೀಟರ್. ಒಂದರ ಬುರುಡೆ ಒಣಗಿದ್ದು, ಇನ್ನೊಂದಕ್ಕೆ ಒದ್ದೆ ಬತ್ತಿ ಸುತ್ತಿದ್ದು. ಮಣ್ಣಿನ ಮಡಕೆಯ ಮೈಯಲ್ಲಿ ನೀರು ಆರಿ ಒಳಗಿನ ನೀರು ತಣ್ಣಗಾಗುವಂತೆ ಒದ್ದೆ ಬುರುಡೆ ಸದಾ ಸ್ವಲ್ಪ ಕಡಿಮೆ ತೋರಿಸುತ್ತದೆ. ಹಸಿ ಎಲೆಯೂ ಅಂಥದೇ ಒದ್ದೆ ವಸ್ತುವಾದ್ದರಿಂದ ಅದರ ಮೈಬಿಸಿ ಕೋಣೆಯ ಬಿಸಿಗಿಂತ ಒದ್ದೆ ಬುರುಡೆಯ ಅಂಕಿಗೇ ಹತ್ತಿರ. ಎಲೆ ಒಣಗುವ ತನಕ ಒದ್ದೆ ಬುರುಡೆ 40–41 ಡಿಗ್ರಿ ದಾಟಬಾರದೆಂಬ ನಿಯಮ ಇದರಿಂದಲೇ ಬಂತು. ಥರ್ಮಾಮೀಟರ್ ಗೋಡೆಗೆ ನೇತಾಡುತ್ತಿದ್ದರೂ ನಾಲ್ಕಾರು ಹಂಗಾಮು ಕಂಡ ರೈತ ಬಾಗಿಲು ಸರಿಸಿ, ಮುಖಕ್ಕೆ ಬಡಿದ ಹಬೆಯ ಮೇಲೆ, ಬೆರಳಿನ ನಡುವಿನ ಎಲೆಯ ಮೇಲೆ ತೀರ್ಮಾನ ಮಾಡುತ್ತಾನೆ. ರಾತ್ರಿ ಎರಡಕ್ಕೂ ನಾಲ್ಕಕ್ಕೂ ಎದ್ದು ಸೌದೆ ನೂಕುವವನು ಅವನೇ ತಾನೆ.

ಅಪಾಯವೂ ಇಲ್ಲೇ. ಐದನೆಯ ದಿನ ಒಣಗಿದ ಒಂದು ಎಲೆ ಕಡ್ಡಿಯಿಂದ ಜಾರಿ ಕೆಂಪಗೆ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಹಂಗಾಮಿನ ಸಂಪಾದನೆ ಅರ್ಧ ಗಂಟೆಯಲ್ಲಿ ಬೂದಿ. ‘ಬ್ಯಾರನ್‌ಗೆ ಬೆಂಕಿ’ ಎಂಬ ಎರಡು ಸಾಲಿನ ಸುದ್ದಿ ಆಗಸ್ಟ್, ಸೆಪ್ಟೆಂಬರ್‌ನ ಜಿಲ್ಲಾ ಪುಟಗಳಲ್ಲಿ ಪ್ರತಿವರ್ಷ ಇರುತ್ತದೆ. ಸುಸೂತ್ರವಾಗಿ ಮುಗಿದರೆ ಕೊನೆಗೆ ಬೆಂಕಿ ಆರಿಸಿ, ಬಾಗಿಲು ಕಿಂಡಿ ತೆರೆದು, ಇಷ್ಟುದಿನ ಶತ್ರುವಾಗಿದ್ದ ಮಳೆಗಾಲದ ಗಾಳಿಯನ್ನೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಹಪ್ಪಳದಂತೆ ಮುರಿಯುತ್ತಿದ್ದ ಸೊಪ್ಪು ತೇವ ಹೀರಿ ಮೆತ್ತಗಾಗಿ ಇಳಿಸಲು ಬರುತ್ತದೆ.

ಈ ಎಲ್ಲ ಲೆಕ್ಕದ ತಳದಲ್ಲಿರುವುದು ಗುಪ್ತೋಷ್ಣ. ನೀರು ಆವಿಯಾಗುವಾಗ ಉಷ್ಣಾಂಶ ಏರದೆಯೂ ಅಪಾರ ಶಾಖವನ್ನು ನುಂಗುತ್ತದೆಂದು 1760ರ ದಶಕದ ಆರಂಭದಲ್ಲಿ ಅಳೆದು ತೋರಿಸಿದವನು ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್. ಆ ಕಾಲದ ಗ್ಲಾಸ್ಗೋ ಸಿರಿವಂತವಾಗಿದ್ದದ್ದು ಗುಲಾಮರ ದುಡಿಮೆಯಿಂದ ಬೆಳೆದ ವರ್ಜೀನಿಯಾ ತಂಬಾಕಿನ ವ್ಯಾಪಾರದಿಂದ. ಊರಿನ ದೊಡ್ಡಕುಳಗಳಿಗೆ ಜನ ‘ತಂಬಾಕು ದೊರೆಗಳು’ ಎಂದೇ ಹೆಸರಿಟ್ಟಿದ್ದರು. ಆ ದೊರೆಗಳ ಗೋದಾಮಿನ ಸೊಪ್ಪಿಗೂ ಬ್ಲ್ಯಾಕ್‌ನ ಕೆಟಲಿಗೂ ಸಂಬಂಧವಿದೆಯೆಂದು ಆಗ ಯಾರಿಗೂ ಹೊಳೆದಿರಲಾರದು.

ಪಿರಿಯಾಪಟ್ಟಣದ ಒಂದು ಕಿಲೋ ಸೊಪ್ಪಿಗೆ ಬ್ಲ್ಯಾಕ್‌ನ ಲೆಕ್ಕ ಹಚ್ಚಿ ನೋಡಿ. ಒಂದು ಕಿಲೋ ಒಣಸೊಪ್ಪಿಗೆ ಆರೇಳು ಕಿಲೋ ಹಸಿಸೊಪ್ಪು ಬೇಕು, ಅಂದರೆ ಐದಾರು ಕಿಲೋ ನೀರು ಆವಿಯಾಗಬೇಕು. ಕಿಲೋ ನೀರಿಗೆ ಸುಮಾರು 2,400 ಕಿಲೋಜೂಲ್. ಒಟ್ಟು 13,000 ಚಿಲ್ಲರೆ. ಗಾಳಿಯಲ್ಲಿ ಆರಿದ ಒಂದು ಕಿಲೋ ಸೌದೆಯಲ್ಲಿ ಅಡಗಿರುವ ಶಾಖ 15,000 ಕಿಲೋಜೂಲ್ ಹತ್ತಿರ. ಒಂದು ಕಿಲೋ ಸೊಪ್ಪಿಗೆ ಒಂದು ಕಿಲೋ ಸೌದೆ ಸಾಕಾಗಬೇಕಿತ್ತು. ವಾಸ್ತವದಲ್ಲಿ ಉರಿಯುವುದು ನಾಲ್ಕೈದು ಕಿಲೋ. ಮಿಕ್ಕಿದ್ದು ಕೊಳವೆಯ ತುದಿಯಿಂದ ಹೊಗೆಯ ಜೊತೆ, ಮಾಡಿನ ತಗಡಿನಿಂದ, ಗೋಡೆಯ ಬಿರುಕಿನಿಂದ, ಕಿಂಡಿಯಿಂದ ಹೊರಟ ಬಿಸಿಗಾಳಿಯಲ್ಲಿ ಹೋಯಿತು. ಮಳೆಯಲ್ಲಿ ನೆಂದ ಸೌದೆಯಾದರೆ ತನ್ನೊಳಗಿನ ನೀರನ್ನು ಓಡಿಸಲೇ ಅದು ಒಂದಷ್ಟು ಉರಿಯಬೇಕು.

ಕಾಡು ಹತ್ತಿರವಿದ್ದಷ್ಟು ದಿನ ಈ ಸೋರಿಕೆಯ ಲೆಕ್ಕ ಯಾರೂ ಕೇಳಲಿಲ್ಲ. ಕೇಳುವ ಹೊತ್ತು ಬಂದದ್ದು 1970ರ ದಶಕದಲ್ಲಿ, ಅದೂ ಮೂರು ಕಡೆಯಿಂದ ಸೇರಿ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದು ಕಾಕನಕೋಟೆಯ ಕಾಡಿನ ಒಂದು ಭಾಗ ಮುಳುಗಿತು. 1975ರಲ್ಲಿ ನಾಗರಹೊಳೆ ಅಭಯಾರಣ್ಯ ವಿಸ್ತಾರಗೊಂಡು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಚಿನ ಕಾಡಿಗೆ ಕಾವಲು ಬಿಗಿಯಾಯಿತು. ಅದೇ 1975ರಲ್ಲಿ ಸಂಸತ್ತು ತಂಬಾಕು ಮಂಡಳಿ ಕಾಯ್ದೆ ಮಾಡಿತು. 1976ರ ಜನವರಿ 1ರಂದು ಗುಂಟೂರಿನಲ್ಲಿ ಮಂಡಳಿ ಕಣ್ಣುಬಿಟ್ಟಿತು. ಬೆಳೆಗಾರನೂ ನೋಂದಣಿಯಾಗಬೇಕು, ಬ್ಯಾರನ್ನಿಗೂ ಲೈಸೆನ್ಸ್ ಬೇಕು. ಬೆಳೆಯುವುದೆಷ್ಟು, ಮಾರುವುದೆಷ್ಟು ಎಂಬುದು ಇನ್ನು ಬ್ಯಾರನ್ ಲೆಕ್ಕದಲ್ಲಿ. ಒಣಗಿಸುವ ಕೋಣೆಯೊಂದು ಸರ್ಕಾರಿ ದಾಖಲೆಯಾಗಿ, ಹಳ್ಳಿಗಳಲ್ಲಿ ಕಾರ್ಡುದಾರ, ಕಾರ್ಡಿಲ್ಲದವ ಎಂಬ ಹೊಸ ಭೇದ ಹುಟ್ಟಿತು.

ನಿಜವಾದ ತಿರುವು 1984. ಅದುವರೆಗೆ ಕಂಪನಿಯವರು, ದಲ್ಲಾಳಿಗಳು ಹೇಳಿದ್ದೇ ದರ್ಜೆ, ಕೊಟ್ಟದ್ದೇ ಬೆಲೆ. ಆ ವರ್ಷ ಮಂಡಳಿ ಹರಾಜು ಪದ್ಧತಿಯನ್ನು ಮೊದಲು ಕರ್ನಾಟಕದಲ್ಲಿ ತಂದಿತು, ಆಂಧ್ರಕ್ಕೆ ಅದು ಮರುವರ್ಷ ಹೋಯಿತು. ಕಗ್ಗುಂಡಿ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದಂಥ ಊರುಗಳ ಹೆಸರು ಹರಾಜು ಮಾರುಕಟ್ಟೆಗಳ ಹೆಸರಾದವು. ಗೋಣಿ ಸುತ್ತಿದ ಬೇಲುಗಳ ಸಾಲಿನಲ್ಲಿ ಖರೀದಿದಾರರು ನಡೆಯುತ್ತ ಒಂದು ಹಿಡಿ ಎಳೆದು ಬಣ್ಣ ನೋಡಿ ಕೂಗುತ್ತಿದ್ದರು. ಈಗ ಅದೂ ಎಲೆಕ್ಟ್ರಾನಿಕ್ ಆಗಿದೆ. ಬಣ್ಣಕ್ಕೆ ಎಲ್ಲರೆದುರು ಬೆಲೆ ಕಟ್ಟುವ ಮಾರುಕಟ್ಟೆ ಬಂದದ್ದರಿಂದ ಬ್ಯಾರನ್ನಿನ ಜಾಣ್ಮೆಗೆ ರೈತನ ಕೈಗೇ ಪ್ರತಿಫಲ ಸಿಗತೊಡಗಿತು. ಸಾಗುವಳಿ ಹಬ್ಬಿತು, ಅದರ ಬೆನ್ನಿಗೇ ಸೌದೆಯ ಹಸಿವೂ. ಈಚಿನ ವರ್ಷಗಳಲ್ಲಿ ಮಂಡಳಿ ಕರ್ನಾಟಕಕ್ಕೆ ಗೊತ್ತುಪಡಿಸುವ ಮಿತಿ 10 ಕೋಟಿ ಕಿಲೋ ಆಸುಪಾಸು. ಕಿಲೋಗೆ ನಾಲ್ಕೂವರೆ ಕಿಲೋ ಸೌದೆಯೆಂದರೂ ವರ್ಷಕ್ಕೆ 4.5 ಲಕ್ಷ ಟನ್.

ಆ ಸೌದೆ ಎಲ್ಲಿಂದ ಬರುತ್ತದೆಂಬ ವಾದ ಇನ್ನೂ ತೀರಿಲ್ಲ. ಕಾಡು ಬೋಳಾದದ್ದರಲ್ಲಿ ಬ್ಯಾರನ್ನಿನ ಪಾಲು ದೊಡ್ಡದೆಂದು ಪರಿಸರದವರು. ನಾವು ಉರಿಸುವುದು ನೆಟ್ಟು ಬೆಳೆಸಿದ ಸರ್ವೆ, ನೀಲಗಿರಿ, ಸಿಲ್ವರ್ ಓಕ್ ಎಂದು ಬೆಳೆಗಾರರು. ಇಬ್ಬರ ಮಾತಿನಲ್ಲೂ ಒಂದೊಂದು ಕಾಲದ ಸತ್ಯವಿದೆ. ಸೌದೆಯ ಬೆಲೆ ಏರಿದ ಮೇಲೆ ವಾದಕ್ಕಿಂತ ಬೇಗ ಕೆಲಸ ಮಾಡಿದ್ದು ಸಣ್ಣ ರಿಪೇರಿಗಳು: ಮಾಡಿನ ಕೆಳಗೆ ನೆಲ್ಲುಹುಲ್ಲಿನದೋ ಗಾಜಿನ ಉಣ್ಣೆಯದೋ ಹೊದಿಕೆ, ಗಾಳಿ ಸಲೀಸಾಗಿ ಎಳೆದು ಪೂರ್ತಿ ಉರಿಸುವ ವೆಂಚುರಿ ಕುಲುಮೆ, ಬಿರುಕು ಮುಚ್ಚಿದ ಗೋಡೆ. ಹೊಸ ಭೌತಶಾಸ್ತ್ರವೇನೂ ಇದರಲ್ಲಿ ಇಲ್ಲ, ಇನ್ನೂರು ವರ್ಷ ಹಿಂದೆಯೇ ಪುಸ್ತಕ ಸೇರಿದ್ದು.

ಅತ್ತ ಅಮೆರಿಕ ಬೇರೆ ದಾರಿ ಹಿಡಿದಿತ್ತು. ಫ್ಯಾನಿನಿಂದ ಗಾಳಿ ನುಗ್ಗಿಸುವ ಪೆಟ್ಟಿಗೆಯಂಥ ಬ್ಯಾರನ್ 1950ರ ದಶಕದಲ್ಲಿ ಉತ್ತರ ಕೆರೊಲಿನಾದಲ್ಲೇ ರೂಪುಗೊಂಡಿತು. ಮುಂದೆ ಅಗ್ಗದ ಗ್ಯಾಸ್ ಬಂದಾಗ ಕೊಳವೆಯನ್ನೇ ಕಿತ್ತುಹಾಕಿ ಗ್ಯಾಸಿನ ಉರಿಯ ಗಾಳಿಯನ್ನು ನೇರ ಸೊಪ್ಪಿನ ಮೇಲೆ ಬಿಟ್ಟರು. ಶಾಖದ ಮಿತವ್ಯಯ ಅದ್ಭುತವಾಗಿತ್ತು. ಆದರೆ ಉರಿಯಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು ಸೊಪ್ಪಿನೊಡನೆ ಕೂಡಿ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳನ್ನು ಹೆಚ್ಚಿಸುತ್ತವೆಂದು ಗೊತ್ತಾಗಿ, 2000ದ ಆಚೀಚೆ ಅಲ್ಲಿನ ಬ್ಯಾರನ್‌ಗಳಿಗೆಲ್ಲ ಮತ್ತೆ ಬಿಸಿಯನ್ನು ಹೊಗೆಯಿಂದ ಬೇರ್ಪಡಿಸುವ ಸಾಧನ ಕೂರಿಸಬೇಕಾಯಿತು. ಹುಣಸೂರಿನ ಬಡ ಕೊಳವೆ ಬ್ಯಾರನ್ ಆ ತಪ್ಪನ್ನು ಮಾಡಿಯೇ ಇರಲಿಲ್ಲ. ಇದರಿಂದ ಇಲ್ಲಿನ ಸೊಪ್ಪಿನ ಸಿಗರೇಟು ಆರೋಗ್ಯಕರವಾಯಿತೆಂದು ಅರ್ಥವಲ್ಲ. ಯಾವ ಬ್ಯಾರನ್ನೂ ಅದನ್ನು ಮಾಡಲಾರದು. ಫ್ಯಾನಿನ ಬ್ಯಾರನ್ ಇಲ್ಲಿ ಅಲ್ಲಲ್ಲಿ ಬಂದಿದೆ. ಎಲೆ ಕಟ್ಟುವ ಕೂಲಿಯ ಕೊರತೆ ಅದರ ಪರ, ಹಳ್ಳಿಯ ಕರೆಂಟು ಅದರ ವಿರುದ್ಧ. ಐದು ದಿನ ಬಿಡದೆ ಗಾಳಿ ತಿರುಗಬೇಕಾದಲ್ಲಿ ನಡುರಾತ್ರಿ ಫೇಸ್ ಹೋದರೆ ಏನಾದೀತೆಂದು ರೈತನಿಗೆ ಗೊತ್ತು. ತಾನಾಗಿ ಏರುವ ಬಿಸಿಗಾಳಿಗೆ ಲೈನ್‌ಮನ್ ಬೇಕಿಲ್ಲ.

ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿತು. ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂಬ ಮಾತು ಅದರ 17ನೆಯ ವಿಧಿಯಲ್ಲಿದೆ. ಅಂದಿನಿಂದ ಈ ತಾಲ್ಲೂಕುಗಳಲ್ಲಿ ಶುಂಠಿ, ಮುಸುಕಿನ ಜೋಳ, ಬಾಳೆ ಎಲ್ಲವನ್ನೂ ರೈತರು ನೆಟ್ಟು ನೋಡಿದ್ದಾರೆ. ಇಬ್ಬನಿ ಮೆತ್ತಿದ ಸೊಪ್ಪು ಮುರಿದು ನಿಕೋಟಿನ್ ಚರ್ಮದೊಳಗಿಳಿದು ವಾಂತಿ, ತಲೆಸುತ್ತು ಅನುಭವಿಸುವವರಿಗೆ ಈ ಬೆಳೆಯ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಆದರೆ 2022–23ರಿಂದ ಹರಾಜಿನ ಸರಾಸರಿ ಬೆಲೆ ಕಿಲೋಗೆ 200 ರೂಪಾಯಿ ದಾಟಿದಾಗ ಕಾರ್ಡಿಲ್ಲದವರೂ ಸಸಿ ನೆಟ್ಟರು. ಶುಂಠಿ ಒಂದು ವರ್ಷ ಕಾರು ಕೊಡಿಸಿ ಮರುವರ್ಷ ಕೊಳೆರೋಗದಲ್ಲಿ ಗದ್ದೆಯನ್ನೇ ಕಳೆಯಬಹುದು. ಜೋಳಕ್ಕೆ ಮಾರುಕಟ್ಟೆಯಿದೆ, ದರ್ಜೆಗೆ ತಕ್ಕ ಬೆಲೆಯಿಲ್ಲ. ಬೆಳೆದವನ ಹೆಸರಿನಲ್ಲಿ ನೋಂದಣಿ, ಊರ ಪಕ್ಕದಲ್ಲೇ ಹರಾಜು, ಹಣ ನೇರ ಬ್ಯಾಂಕಿಗೆ: ಈ ಮೂರನ್ನೂ ಒಟ್ಟಿಗೆ ಕೊಡುವ ಇನ್ನೊಂದು ಬೆಳೆ ಈ ನಾಲ್ಕು ತಾಲ್ಲೂಕುಗಳ ಮಳೆಯಾಶ್ರಿತ ಹೊಲಕ್ಕೆ ಇನ್ನೂ ಬಂದಿಲ್ಲ.